ಖಾಲಿ ಬಿಟ್ಟ ಮೊದಲ ಸಾಲು

ಮಾರ್ಚ್ 4, ಸೋಮವಾರ

ಕೆಂಪು ರಟ್ಟಿನ ಪುಸ್ತಕವನ್ನು ಇವತ್ತು ಔಷಧಿ ಅಂಗಡಿಯ ಗುಂಡಣ್ಣನಿಗೆ ಕೊಟ್ಟೆ. ಕೊಟ್ಟೆ ಎನ್ನುವುದಕ್ಕಿಂತ ಅವನ ಕೈಗೆ ತುರುಕಿದೆ ಎನ್ನಬೇಕು. ಆಸ್ಪತ್ರೆಯ ಕೆಳಮಹಡಿಯಲ್ಲಿ ಕೂತು ಹಗಲೆಲ್ಲ ಮಾತ್ರೆ ಮಾರುವ ಮನುಷ್ಯ, ತನ್ನ ಮಂಡಿನೋವಿಗೆ ಮಾತ್ರ ಮುಂಗೈಗೆ ತಾಮ್ರದ ಬಳೆ ಹಾಕಿಕೊಂಡಿದ್ದಾನೆ.

"ಮಂಡಿ ಎಲ್ಲಿದೆ, ಬಳೆ ಎಲ್ಲಿದೆ ಗುಂಡಣ್ಣ?" ಎಂದೆ.

"ನೀವು ಲ್ಯಾಬಿನವರು. ನಿಮಗೆ ಎಲ್ಲಕ್ಕೂ ನಂಬರ್ ಬೇಕು," ಎಂದು ಹಲ್ಲು ಕಿಸಿದ.

ಹೌದು, ಬೇಕು. ಹದಿನಾರು ವರ್ಷ ರಕ್ತ ಅಳೆದವಳಿಗೆ ಇನ್ನೇನು ಬೇಕು? ಈ ಪುಸ್ತಕ ಹೇಳುವುದೂ ಅದನ್ನೇ. ವಿಜ್ಞಾನದ ವೇಷ ಹಾಕಿಕೊಂಡು ಬರುವ ಸುಳ್ಳುಗಳನ್ನೆಲ್ಲ ಒಂದೊಂದಾಗಿ ಕರೆದು ಬಟ್ಟೆ ಬಿಚ್ಚಿಸುತ್ತದೆ. ಆಯಸ್ಕಾಂತದ ಹಾಸಿಗೆ, ಬೆರಳಚ್ಚು ನೋಡಿ ಮಗುವಿನ ಬುದ್ಧಿ ಹೇಳುವುದು, ಬಣ್ಣದ ಬಾಟಲಿಯ ಔಷಧಿ, ಒಂದೂ ಬಿಟ್ಟಿಲ್ಲ. ಈಗ ಎಲ್ಲರ ಕೈಯಲ್ಲೂ ಇದೇ ಪುಸ್ತಕ. ನಾನು ಎರಡು ಸಲ ಓದಿದೆ. ಕಪಾಟಿನಲ್ಲಿಟ್ಟರೆ ಏನು ಬಂತು ಎಂದು ಓಡಾಡಲು ಬಿಟ್ಟಿದ್ದೇನೆ.

ಅದಕ್ಕೊಂದು ನಿಯಮವನ್ನೂ ಮಾಡಿದ್ದೇನೆ. ಕೊನೆಯ ಖಾಲಿ ಹಾಳೆಯ ನೆತ್ತಿಯಲ್ಲಿ ಹೀಗೆ ಬರೆದೆ: "ಓದಿದವರು ತಾವು ಮೋಸಹೋದ ಒಂದು ಸಂಗತಿಯನ್ನು ಇಲ್ಲಿ ಬರೆದು, ಪುಸ್ತಕವನ್ನು ಮುಂದಕ್ಕೆ ದಾಟಿಸಿ." ಕೆಳಗೆ ಒಂದು, ಎರಡು, ಮೂರು ಎಂದು ಅಂಕಿ ಹಾಕಿದೆ. ಒಂದನೆಯದು ನ್ಯಾಯವಾಗಿ ನನ್ನದು. ಎಷ್ಟು ಯೋಚಿಸಿದರೂ ಬರೆಯಲು ಏನೂ ಹೊಳೆಯಲಿಲ್ಲ. ಖಾಲಿ ಬಿಟ್ಟೆ. ಗುಂಡಣ್ಣ ಅದನ್ನು ನೋಡಿ, "ಅಬ್ಬಾ, ನಿಮ್ಮ ಜಂಬವೇ" ಎಂದ. ಇರಲಿ, ಒಂದಿಷ್ಟು ಜಂಬ ಇದೆ.

ಸಂಜೆ ಅಕ್ಕನ ರಿಪೋರ್ಟ್ ಬಂತು. ಕ್ರಿಯಾಟಿನಿನ್ 4.6. ಕಿಡ್ನಿ ಸೋಸಿ ಹೊರಹಾಕದ ಕಸ ರಕ್ತದಲ್ಲಿ ಎಷ್ಟು ಉಳಿದಿದೆ ಎಂದು ಹೇಳುವ ಅಂಕಿ ಇದು. ಒಂದರ ಆಸುಪಾಸಿನಲ್ಲಿರಬೇಕು. ಮೂರು ತಿಂಗಳ ಹಿಂದೆ 3.9 ಇತ್ತು. ರಿಪೋರ್ಟನ್ನು ಚೀಲದಲ್ಲಿಟ್ಟುಕೊಂಡು ಬಸ್ಸಿನಲ್ಲಿ ಬರುವಾಗ ಇಳಿಯುವ ನಿಲ್ದಾಣವನ್ನೇ ಬಿಟ್ಟು ಮುಂದೆ ಹೋಗಿಬಿಟ್ಟೆ.

ಮಾರ್ಚ್ 7, ಗುರುವಾರ

ಕಿಡ್ನಿ ಡಾಕ್ಟರು ಅಕ್ಕನ ಎದುರಿಗೇ ಹೇಳಿದರು. ಇನ್ನು ಕೆಲವು ತಿಂಗಳಲ್ಲಿ ಡಯಾಲಿಸಿಸ್ ಬೇಕಾಗಬಹುದು. ಈಗಲೇ ಎಡಗೈಯಲ್ಲಿ ಎರಡು ರಕ್ತನಾಳ ಜೋಡಿಸುವ ಸಣ್ಣ ಆಪರೇಷನ್ ಮಾಡಿಸಿಕೊಂಡರೆ, ಬೇಕಾದಾಗ ಕೈ ಸಿದ್ಧವಿರುತ್ತದೆ. ಮಾರ್ಚ್ 27ಕ್ಕೆ ದಿನ ಕೊಟ್ಟರು.

ಅಕ್ಕ ಹೊರಗೆ ಬಂದು ಬೆಂಚಿನ ಮೇಲೆ ಕೂತು ಎಡಗೈಯನ್ನು ಮಡಿಲಲ್ಲಿ ಇಟ್ಟುಕೊಂಡಳು. "ಬಟ್ಟೆ ತಳ್ಳೋ ಕೈ ಇದು," ಎಂದಳು. "ಬಲಗೈ ಸುಮ್ನೆ ಹಿಡ್ಕೊಂಡಿರುತ್ತೆ. ಹೊಲಿಯೋದೆಲ್ಲ ಎಡಗೈ."

"ಹೊಲಿಯೋಕೇನೂ ತೊಂದರೆ ಆಗಲ್ಲಕ್ಕ. ಭಾರ ಎತ್ತಬಾರದು ಅಷ್ಟೆ."

"ನಿನಗೆ ಹೇಗೆ ಗೊತ್ತು? ನೀನು ಹೊಲಿದಿದ್ದೀಯಾ?"

ಅಮ್ಮ ಹೋದಾಗ ನನಗೆ ಒಂಬತ್ತು, ಅವಳಿಗೆ ಹತ್ತೊಂಬತ್ತು. ಅಂದಿನಿಂದ ಮನೆಯ ಮುಂಗೋಣೆಯಲ್ಲಿ ಆ ಹೊಲಿಗೆ ಯಂತ್ರ ತುಳಿಯುತ್ತಲೇ ಇದ್ದಾಳೆ. ನನ್ನ ಓದು, ನನ್ನ ಕೆಲಸ, ನನ್ನ ಮೈಮೇಲಿನ ಬಟ್ಟೆ ಎಲ್ಲವೂ ಆ ಎಡಗೈ ತಳ್ಳಿಕೊಟ್ಟದ್ದು.

ಮಾರ್ಚ್ 10, ಭಾನುವಾರ

ಶನಿ ವಕ್ಕರಿಸಿತು. ಅಕ್ಕನ ಗಿರಾಕಿಯೊಬ್ಬಳು ನೀರಿನ ಮೇಷ್ಟ್ರು ಎಂಬುವರ ವಿಷಯ ಅವಳ ಕಿವಿಯಲ್ಲಿ ಊದಿ ಹೋಗಿದ್ದಾಳೆ. ಎರಡು ಬೀದಿ ಆಚೆ ಮನೆ. ಗಾಜಿನ ಬಾಟಲಿಯ ಕೆಳಗೆ ಆಯಸ್ಕಾಂತ ಇಟ್ಟು, ಆ ನೀರು ಕುಡಿದರೆ ಕಿಡ್ನಿ ತಾನೇ ತೊಳೆದುಕೊಳ್ಳುತ್ತದೆ ಎನ್ನುತ್ತಾರಂತೆ. ಜೊತೆಗೆ ಒಂದು ಪುಡಿ. ನಲವತ್ತು ದಿನ.

ಅಕ್ಕನ ಜೊತೆ ಹೋದೆ, ಆ ಮೇಷ್ಟ್ರ ಮುಖದ ನೀರಿಳಿಸಿ ಬರೋಣವೆಂದು. ಕೂಗಾಡುವ ಮನುಷ್ಯನಾಗಿದ್ದರೆ ಸುಲಭವಾಗುತ್ತಿತ್ತು. ನಿವೃತ್ತ ಶಾಲಾ ಮಾಸ್ತರು, ಇಸ್ತ್ರಿ ಮಾಡಿದ ಅಂಗಿ, ಮೆಲುದನಿ. ಗೋಡೆಯ ಮೇಲೆ ಕಿಡ್ನಿಯ ದೊಡ್ಡ ಚಿತ್ರ. ಅಕ್ಕನ ಅಂಗೈಯನ್ನು ಹಿಡಿದು, "ಎಷ್ಟು ವರ್ಷದಿಂದ ಹೊಲೀತಿದ್ದೀರಿ ತಾಯಿ?" ಎಂದು ಕೇಳಿದರು. ಕಿಡ್ನಿ ಡಾಕ್ಟರು ಒಂದು ದಿನವೂ ಕೇಳದ ಪ್ರಶ್ನೆ. ಅಕ್ಕನ ಕಣ್ಣು ತುಂಬಿತು. ನಾನು ಪುಸ್ತಕದಲ್ಲಿ ಆಯಸ್ಕಾಂತದ ಬಗ್ಗೆ ಇರುವ ಎರಡನೆಯ ಅಧ್ಯಾಯವನ್ನೇ ಒಪ್ಪಿಸಿದೆ. ಅವರು ಪೂರ್ತಿ ಕೇಳಿ, "ನೀವು ಲ್ಯಾಬಿನಲ್ಲಿದ್ದೀರಲ್ಲ, ವಾರ ವಾರ ಅಳೆದು ನೋಡಿ. ಇಳಿಯದಿದ್ದರೆ ಬಿಟ್ಟುಬಿಡಿ," ಎಂದರು.

ನನ್ನ ಅಳತೆಯನ್ನೇ ನನ್ನ ಕೈಗೆ ತಿರುಗಿಸಿ ಕೊಟ್ಟರು.

ಮಾರ್ಚ್ 11, ಸೋಮವಾರ

ಅಕ್ಕ ಹಟಕ್ಕೆ ಬಿದ್ದಿದ್ದಾಳೆ. ನೀರು ಕುಡಿಯಲು ಬಿಡದಿದ್ದರೆ 27ಕ್ಕೆ ಆಸ್ಪತ್ರೆಗೂ ಬರುವುದಿಲ್ಲವಂತೆ. ಕೊನೆಗೆ ಒಪ್ಪಂದ ಮಾಡಿಕೊಂಡೆವು. ನೀರು ಮಾತ್ರ, ಪುಡಿ ಬೇಡ. ಡಾಕ್ಟರ ಮಾತ್ರೆ ನಿಲ್ಲಿಸುವಂತಿಲ್ಲ. ನಾನು ಪ್ರತಿ ಸೋಮವಾರ ರಕ್ತ ತೆಗೆದು ಅಳೆಯುತ್ತೇನೆ. ಅಂಕಿ ಇಳಿಯುವುದಿಲ್ಲ, ಅಕ್ಕ ತಾನೇ ಬಿಡುತ್ತಾಳೆ. ಇದು ಪ್ರಯೋಗ, ನಂಬಿಕೆ ಅಲ್ಲ. ಪುಸ್ತಕ ಬರೆದವರು ನೋಡಿದರೆ ಬೆನ್ನು ತಟ್ಟುತ್ತಿದ್ದರು.

ಲ್ಯಾಬಿನಲ್ಲಿ ಅಕ್ಕನ ಸ್ಯಾಂಪಲ್ಲಿಗೆ ಹೆಸರು ಹಾಕುವುದಿಲ್ಲ. ಹೆಸರು ಹಾಕಿದರೆ ರಿಪೋರ್ಟು ನಮ್ಮ ಡಾಕ್ಟರಮ್ಮನ ಸಹಿಗೆ ಹೋಗುತ್ತದೆ. ಲ್ಯಾಬಿನ ಮುಖ್ಯಸ್ಥೆ ಅವರು, ಪ್ರಶ್ನೆಗಳಿಗೆ ಕೊನೆಯೇ ಇರುವುದಿಲ್ಲ. "ಟೆಸ್ಟ್ 1" ಎಂದು ಹಾಕುತ್ತೇನೆ. ಯಂತ್ರ ಪರೀಕ್ಷಿಸಲು ನಾವು ಆಗಾಗ ಹಾಗೆ ಹಾಕುವುದುಂಟು.

ಮಾರ್ಚ್ 18, ಸೋಮವಾರ

4.3.

ಯಂತ್ರದ ಸಣ್ಣ ಏರುಪೇರು ಇರಬಹುದು. ಅಕ್ಕ ಈ ವಾರ ಊಟ ಕಡಿಮೆ ಮಾಡಿದ್ದಾಳೆ, ಅದೂ ಕಾರಣವಿರಬಹುದು. ಇದನ್ನೆಲ್ಲ ಅಕ್ಕನಿಗೆ ಹೇಳಬೇಕೆಂದೇ ಮನೆಗೆ ಬಂದೆ. ಅವಳು ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡು ಯಾರದೋ ತೋಳು ಕತ್ತರಿಸುತ್ತಿದ್ದಳು, ಅಂಗಿಯದ್ದು. ಸೂಜಿ ತೆಗೆದು, "ಎಷ್ಟು?" ಎಂದಳು. ಹೇಳಿದೆ. ಅಕ್ಕ ನಕ್ಕಳು. ಡಿಸೆಂಬರಿನಿಂದ ಅವಳು ಹಾಗೆ ನಕ್ಕಿರಲಿಲ್ಲ. ಏರುಪೇರಿನ ಮಾತು ಬಿಟ್ಟು ಚಹಾಕ್ಕೆ ನೀರಿಟ್ಟೆ.

ಮಾರ್ಚ್ 25, ಸೋಮವಾರ

ಅಕ್ಕನ ಸ್ಯಾಂಪಲ್ ಹಾಕಿದೆ. 4.9. ಅನುಮಾನ ಬಂದ ಅಂಕಿಯನ್ನು ಮತ್ತೊಮ್ಮೆ ಹಾಕಿ ನೋಡುವುದು ನಮ್ಮಲ್ಲಿ ರೂಢಿ. ಹಾಕಿದೆ. 4.7. ನೋಡು, ಇಳಿಯಿತು, ಅಂದರೆ ಮೊದಲನೆಯದು ಸರಿಯಿರಲಿಲ್ಲ. ಮೂರನೆಯ ಸಲ 4.5. ಅಲ್ಲಿಗೆ ನಿಲ್ಲಿಸಿದೆ. ಮೂರನೆಯದೇ ಸರಿ ಎನ್ನಿಸಿತು.

ಅಕ್ಕನಿಗೆ ನಾಲ್ಕೂವರೆ ಎಂದೆ. 4.6ರಿಂದ 4.5. ಏರುತ್ತಿದ್ದದ್ದು ನಿಂತಿದೆ ಎಂದರೆ ಅದೇ ದೊಡ್ಡದು. "ಬುಧವಾರದ ಆಪರೇಷನ್ ಮುಂದಕ್ಕೆ ಹಾಕಿಸ್ತೀಯಾ? ನಲವತ್ತು ದಿನ ಮುಗೀಲಿ," ಎಂದಳು. ನಾನೇ ಫೋನ್ ಮಾಡಿ ಏಪ್ರಿಲ್ 24ಕ್ಕೆ ಹಾಕಿಸಿದೆ. ನಾಲ್ಕು ವಾರದಲ್ಲಿ ಏನೂ ಮುಳುಗಿಹೋಗುವುದಿಲ್ಲ.

ಪುಡಿಯನ್ನೂ ಶುರುಮಾಡಲು ಮೇಷ್ಟ್ರು ಹೇಳಿ ಕಳಿಸಿದ್ದಾರೆ. ಬೂದುಬಣ್ಣದ, ವಾಸನೆಯಿಲ್ಲದ ಪುಡಿ. ಯಾವುದೋ ಗಿಡ ಸುಟ್ಟ ಭಸ್ಮವಂತೆ. ದಿನಕ್ಕೆ ಎರಡು ಚಮಚ. ಚೂರು ನಾಲಿಗೆಗೆ ಹಚ್ಚಿ ನೋಡಿದೆ, ಉಪ್ಪುಪ್ಪಾಗಿತ್ತು. ಬೇಡ ಎನ್ನಲು ಈಗ ಕಾರಣ ಸಿಗಲಿಲ್ಲ.

ಮಾರ್ಚ್ 29, ಶುಕ್ರವಾರ

ಗುಂಡಣ್ಣ ಪುಸ್ತಕ ಮುಗಿಸಿ, ಆಂಬುಲೆನ್ಸ್ ಓಡಿಸುವ, ನಾವೆಲ್ಲ ಮೀಸೆ ಎಂದೇ ಕರೆಯುವ ಡ್ರೈವರಿಗೆ ದಾಟಿಸಿದ್ದಾನೆ. ಬಳೆ ಬಿಚ್ಚಿದ್ದಾನೆ. ಬಳೆ ಇದ್ದ ಕಡೆ ಹಸಿರು ಗೆರೆ ಉಳಿದಿದೆ.

"ಹೇಗಿದೆ ಮಂಡಿ?" ಎಂದೆ.

"ಬಳೆ ಇದ್ದಾಗಲೂ ನೋಯ್ತಿತ್ತು, ಈಗಲೂ ನೋಯುತ್ತೆ. ಆಗ ನೋವು ಕಡಿಮೆಯಾದ ದಿನ ಮಾತ್ರ ಬಳೆ ನೆನಪಾಗ್ತಿತ್ತು. ಜಾಸ್ತಿಯಾದ ದಿನ ಮೆಟ್ಟಿಲನ್ನ ಬೈತಿದ್ದೆ." ಇದನ್ನೇ ಕೊನೆಯ ಹಾಳೆಯಲ್ಲಿ ಬರೆದಿದ್ದಾನಂತೆ.

ಚೆನ್ನಾಗಿ ಹೇಳಿದ. ಆದರೂ ಇಷ್ಟು ಬೇಗ ಬಿಚ್ಚಬಾರದಿತ್ತು ಎನ್ನಿಸಿತು. ಒಂದು ಬಳೆಯಿಂದ ಯಾರಿಗೇನು ತೊಂದರೆ? ಈ ಪುಸ್ತಕ ಬರೆದವರ ಮನೆಯಲ್ಲಿ ಯಾರಿಗೂ ಕಾಯಿಲೆ ಬಂದಿಲ್ಲವೇನೋ. ಬರವಣಿಗೆಯಲ್ಲಿ ಸ್ವಲ್ಪ ಅಹಂಕಾರವಿದೆ, ಮೊದಲ ಓದಿನಲ್ಲಿ ನನಗೆ ಕಂಡಿರಲಿಲ್ಲ.

ಏಪ್ರಿಲ್ 1, ಸೋಮವಾರ

5.2. 5.3. 5.1. ಸ್ಯಾಂಪಲ್ಲೇ ಕೆಟ್ಟಿದೆ. ಮಧ್ಯಾಹ್ನದ ಊಟದ ಬಿಡುವಿನಲ್ಲಿ ಮನೆಗೆ ಓಡಿ ಹೊಸದಾಗಿ ತೆಗೆದೆ. 4.9. ಸಾಕು.

ಅಕ್ಕನಿಗೆ, "ಹೆಚ್ಚುಕಡಿಮೆ ಹಾಗೇ ಇದೆ," ಎಂದೆ. ಸುಳ್ಳಲ್ಲ. ಕೆಟ್ಟದ್ದು ಇಳಿಯುವ ಮೊದಲು ಒಮ್ಮೆ ಮೇಲೆ ಬರುತ್ತದೆ ಎಂದು ಮೇಷ್ಟ್ರು ಮೊದಲೇ ಹೇಳಿದ್ದರು.

ಏಪ್ರಿಲ್ 4, ಗುರುವಾರ

ಅಕ್ಕನ ಕಾಲು ಸೋಲುತ್ತಿದೆ. ಹೊಲಿಗೆ ಯಂತ್ರವನ್ನು ಹತ್ತು ನಿಮಿಷ ತುಳಿದರೆ ತೊಡೆ ಕಲ್ಲಾಗುತ್ತದೆ ಎನ್ನುತ್ತಾಳೆ. ಮೇಷ್ಟ್ರನ್ನು ಕೇಳಲು ನಾನೇ ಹೋದೆ. "ಒಳ್ಳೆ ಲಕ್ಷಣ. ಕಲ್ಮಶ ಸ್ನಾಯುವಿಗೆ ಇಳಿದು ಹೊರಗೆ ಹೋಗುತ್ತೆ," ಎಂದರು. ಸ್ನಾಯುವಿಂದ ಹೊರಗೆ ಯಾವ ದಾರಿಯಲ್ಲಿ ಎಂದು ಕೇಳಬೇಕೆಂದುಕೊಂಡೆ, ಕೇಳಲಿಲ್ಲ. ಅವರ ಮನೆಯಲ್ಲಿ ಕೂತರೆ ಎದೆಬಡಿತ ಕಡಿಮೆಯಾಗುತ್ತದೆ. ಎದ್ದುಬರಲು ಮನಸ್ಸಾಗಲಿಲ್ಲ.

ಪುಸ್ತಕ ಈಗ ಎಲ್ಲಿದೆ ಎಂದು ಮೀಸೆಯನ್ನು ಕೇಳಿದೆ. ಅವನ ಹೆಂಡತಿ ಓದಿ ಯಾರಿಗೋ ಕೊಟ್ಟಳಂತೆ. ಯಾರಿಗೆಂದು ಅವನಿಗೆ ಗೊತ್ತಿಲ್ಲ. ಹೋದರೆ ಹೋಗಲಿ.

ಏಪ್ರಿಲ್ 8, ಸೋಮವಾರ

ಇವತ್ತು ಪೊಟ್ಯಾಸಿಯಮ್ಮನ್ನೂ ಹಾಕಿ ನೋಡಿದೆ, ಅಕ್ಕನ ಕಾಲಿನ ಸಲುವಾಗಿ. 6.1. ಐದಕ್ಕಿಂತ ಕೆಳಗಿರಬೇಕು. ಆರು ದಾಟಿದರೆ ಲ್ಯಾಬಿನಿಂದ ಡಾಕ್ಟರಿಗೆ ತಕ್ಷಣ ಫೋನ್ ಮಾಡಬೇಕೆಂಬುದು ನಿಯಮ, ಏಕೆಂದರೆ ಅದು ನೇರ ಹೃದಯಕ್ಕೆ ಕೈ ಹಾಕುವ ವಸ್ತು.

ಆದರೆ ಪೊಟ್ಯಾಸಿಯಮ್ಮಿನ ಕುತಂತ್ರ ನಮಗೆ ಗೊತ್ತಿರುವಷ್ಟು ಡಾಕ್ಟರುಗಳಿಗೂ ಗೊತ್ತಿಲ್ಲ. ರಕ್ತ ಎಳೆಯುವಾಗ ಕಣಗಳು ಒಡೆದರೆ ಒಳಗಿನದೆಲ್ಲ ಹೊರಗೆ ಚೆಲ್ಲಿ ಅಂಕಿ ಸುಮ್ಮಸುಮ್ಮನೆ ಏರುತ್ತದೆ. ಒಡೆದ ಸ್ಯಾಂಪಲ್ಲಿನಲ್ಲಿ ಮೇಲೆ ನಿಲ್ಲುವ ತಿಳಿ ನಸುಗೆಂಪಾಗಿರುತ್ತದೆ. ಇವತ್ತಿನದು ಹಳದಿಯಾಗಿಯೇ ಇತ್ತು. ಕಣ್ಣಿಗೆ ಕಾಣದಷ್ಟು ಒಡೆದಿರಬಹುದು. ಬೆಳಗ್ಗೆ ಅಕ್ಕನ ನರ ಸಿಗದೆ ಎರಡು ಸಲ ಚುಚ್ಚಿದ್ದೆ ಬೇರೆ.

ಕ್ರಿಯಾಟಿನಿನ್ 5.9. ಸ್ಯಾಂಪಲ್ ಒಡೆದಿದೆ ಎಂದಮೇಲೆ ಇದನ್ನು ಲೆಕ್ಕಕ್ಕೆ ಹಿಡಿಯುವಂತಿಲ್ಲ.

ಅಕ್ಕ ಇವತ್ತು ಎಂದಿನಂತೆ ಸುಮ್ಮನಾಗಲಿಲ್ಲ. ಕತ್ತರಿ ಕೆಳಗಿಟ್ಟು ಕೇಳಿದಳು, "ಎಷ್ಟು?"

"ನಾಲ್ಕು ಮುಕ್ಕಾಲು."

"ನೀನೇ ಅಳೆದದ್ದಾ? ನಿನ್ನ ಕೈಯಾರೆ?"

"ಇನ್ಯಾರು ಅಳೀತಾರೆ?"

"ಯಂತ್ರ ಸರಿ ಇತ್ತಾ?"

"ದಿನಾ ಬೆಳಗ್ಗೆ, ಎಷ್ಟು ಬರಬೇಕು ಅಂತ ಮೊದಲೇ ಗೊತ್ತಿರೋ ದ್ರವ ಹಾಕಿ ಯಂತ್ರ ನೋಡ್ತೀವಕ್ಕ. ಇವತ್ತೂ ಸರಿಯಾಗೇ ಇತ್ತು."

ತಲೆಯಾಡಿಸಿ, ಪುಡಿ ಬೆರೆಸಿದ ನೀರನ್ನು ಗಟಗಟ ಕುಡಿದಳು. ಇದ್ದಕ್ಕಿದ್ದಂತೆ ಇಷ್ಟು ವಿಚಾರಣೆ ಏಕೆ ಎಂದು ತಿಳಿಯಲಿಲ್ಲ. ನನ್ನ ಮೇಲೆ ನಂಬಿಕೆ ಹೋಗಿದೆಯೇ ಎಂದು ಒಂದು ಕ್ಷಣ ಬೇಜಾರಾಯಿತು.

ಏಪ್ರಿಲ್ 12, ಶುಕ್ರವಾರ

ನಾನೂ ಕಾಂತದ ನೀರು ಕುಡಿಯುತ್ತಿದ್ದೇನೆ, ನಾಲ್ಕು ದಿನವಾಯಿತು. ಏನೂ ನಂಬಿಕೆಯಿಂದಲ್ಲ. ಅಕ್ಕನೊಬ್ಬಳೇ ಕುಡಿಯಬೇಕಲ್ಲ ಎಂದು. ಬಾಟಲಿಯನ್ನು ಲ್ಯಾಬಿನ ಕಪಾಟಿನಲ್ಲಿ ಬಿಳಿ ಕೋಟಿನ ಹಿಂದೆ ಇಟ್ಟಿದ್ದೇನೆ. ಡಾಕ್ಟರಮ್ಮ ಕಪಾಟು ತೆಗೆದಾಗ ಓಡಿಹೋಗಿ ಕೋಟನ್ನು ಅದರ ಮೇಲೆ ಎಳೆದೆ.

ಏಪ್ರಿಲ್ 15, ಸೋಮವಾರ

ಈ ವಾರ ರಕ್ತ ತೆಗೆಯಲಿಲ್ಲ. ಅಕ್ಕನ ಕೈ ಚುಚ್ಚಿ ಚುಚ್ಚಿ ನೀಲಿಗಟ್ಟಿದೆ, ಪಾಪ. ಇನ್ನು ಐದೇ ದಿನ. ನಲವತ್ತು ಮುಗಿದ ಮೇಲೆ ಒಟ್ಟಿಗೆ ನೋಡಿದರಾಯಿತು.

ಇವತ್ತು ಅಕ್ಕ ಹೊಲಿಗೆ ಯಂತ್ರದ ಮುಂದೆ ಕೂರಲೇ ಇಲ್ಲ.

ಏಪ್ರಿಲ್ 16, ಮಂಗಳವಾರ

ಅಕ್ಕ ಬಿದ್ದಳು. ಐ.ಸಿ.ಯು.

ಏಪ್ರಿಲ್ 17, ಬುಧವಾರ

ಬರೆಯಬೇಕು. ಬರೆಯದಿದ್ದರೆ ನಾಳೆಯ ಹೊತ್ತಿಗೆ ನಾನು ಇದನ್ನೂ ತಿದ್ದಿಬಿಡುತ್ತೇನೆ.

ನಿನ್ನೆ ಬೆಳಗ್ಗೆ ಹನ್ನೊಂದು ಗಂಟೆಗೆ ಮೀಸೆಯ ಫೋನ್ ಬಂತು. ಅವನ ಹೆಂಡತಿ ಹೊಲಿಯಲು ಕೊಟ್ಟ ಬಟ್ಟೆ ಕೇಳಲು ನಮ್ಮ ಮನೆಗೆ ಹೋದಾಗ ಅಕ್ಕ ನೆಲದ ಮೇಲಿದ್ದಳಂತೆ. ಜ್ಞಾನವಿತ್ತು, ಕಾಲು ಎತ್ತಲು ಬರುತ್ತಿರಲಿಲ್ಲ. ಅವನೇ ಆಂಬುಲೆನ್ಸಿನಲ್ಲಿ ಕರೆತಂದ. ತುರ್ತು ವಿಭಾಗದಿಂದ ರಕ್ತ ನೇರ ನನ್ನ ಮೇಜಿಗೆ ಬಂತು. ಈ ಸಲ ಅದರ ಮೇಲೆ ಅಕ್ಕನ ಹೆಸರಿತ್ತು. ಯಂತ್ರಕ್ಕೆ ಹಾಕಿದೆ. ಪೊಟ್ಯಾಸಿಯಮ್ 7.4.

ತುರ್ತು ವಿಭಾಗದವರು ಫೋನಿನಲ್ಲಿ ಕಾಯುತ್ತಿದ್ದರು. ನಾನು ಏನು ಹೇಳಿದೆ? "ಸ್ಯಾಂಪಲ್ ಒಡೆದಿದೆ. ಇನ್ನೊಂದು ಕಳಿಸಿ," ಎಂದೆ. ನೋಡದೆ ಹೇಳಿದೆ. ಬಾಯಿ ತಾನಾಗಿ ಹೇಳಿತು.

ಡಾಕ್ಟರಮ್ಮ ನನ್ನ ಹಿಂದೆಯೇ ನಿಂತಿದ್ದರು. ಟ್ಯೂಬನ್ನು ಎತ್ತಿ ಕಿಟಕಿಯ ಬೆಳಕಿಗೆ ಹಿಡಿದರು. ತಿಳಿ ಹಳದಿ, ಕನ್ನಡಿಯ ಹಾಗೆ ಸ್ವಚ್ಛ. "ಕಣ್ಣಿದೆಯಾ ನಿನಗೆ?" ಎಂದರು. ನನ್ನ ಕೈಯಿಂದ ಫೋನ್ ಕಿತ್ತುಕೊಂಡು, "ಏಳು ಪಾಯಿಂಟ್ ನಾಲ್ಕು. ಸರಿಯಾದ ಅಂಕಿ. ಕಾಯಬೇಡಿ," ಎಂದರು. ಆಗಲೇ ಇಸಿಜಿಯಲ್ಲಿ ಅಕ್ಕನ ಹೃದಯದ ಗೆರೆ ಅಗಲವಾಗಿ ಏಳತೊಡಗಿತ್ತಂತೆ. ಇನ್ನೊಂದು ಸ್ಯಾಂಪಲ್ ತೆಗೆದು, ಕಳಿಸಿ, ನಾನು ಮತ್ತೆ ಹಾಕಿ ನೋಡುವಷ್ಟು ಹೊತ್ತು ಅವಳಿಗಿರಲಿಲ್ಲ ಎಂದು ಕಿಡ್ನಿ ಡಾಕ್ಟರು ಆಮೇಲೆ ಹೇಳಿದರು. ಕುತ್ತಿಗೆಯಲ್ಲಿ ನಳಿಕೆ ಹಾಕಿ ಡಯಾಲಿಸಿಸ್ ಮಾಡಿದರು. ಕೈ ಸಿದ್ಧವಿರಲಿಲ್ಲವಲ್ಲ.

ಸಂಜೆ ಡಾಕ್ಟರಮ್ಮ ಕೂರಿಸಿ ಕೇಳಿದರು. ಪುಡಿಯ ವಿಷಯ ಹೇಳಿದೆ. "ಗಿಡ ಸುಟ್ಟ ಬೂದಿಯಲ್ಲಿ ಏನಿರುತ್ತೆ?" ಎಂದರು. ಪೊಟ್ಯಾಸಿಯಮ್. ಶಾಲೆಯಲ್ಲೇ ಓದಿದ್ದೆ. ನಾಲಿಗೆಗೆ ಹಚ್ಚಿ ಉಪ್ಪು ಎಂದು ಬರೆದಿಟ್ಟಿದ್ದೇನೆ ಕೂಡ. ಯಂತ್ರದ ನೆನಪಿನಿಂದ "ಟೆಸ್ಟ್ 1"ರ ಪಟ್ಟಿಯನ್ನು ಅವರು ಹೊರತೆಗೆದರು. ನಾನು ಕೈಬಿಟ್ಟ ಅಂಕಿಗಳನ್ನು ಯಂತ್ರ ಬಿಟ್ಟಿರಲಿಲ್ಲ. ಅದನ್ನು ನನ್ನ ಮುಂದೆ ಇಟ್ಟು, "ಇಳಿದ ಅಂಕಿ ಬಂದ ದಿನ ಯಾಕೆ ಮತ್ತೆ ಹಾಕಲಿಲ್ಲ?" ಎಂದು ಕೇಳಿದರು. ಮಾರ್ಚ್ 18ರ 4.3, ಒಂದೇ ಸಲ ಹಾಕಿದ್ದೆ.

ಹದಿನಾರು ವರ್ಷದಲ್ಲಿ ನನಗೆ ಇಂಥ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ನಾಳೆಯಿಂದ ಯಂತ್ರದ ಮುಂದೆ ಕೂರಬೇಡ ಎಂದರು. ಅಷ್ಟಕ್ಕೇ ಬಿಟ್ಟರಲ್ಲ ಎಂದು ಅಳು ಬಂತು.

ಏಪ್ರಿಲ್ 19, ಶುಕ್ರವಾರ

ಅಕ್ಕನನ್ನು ವಾರ್ಡಿಗೆ ತಂದರು. ದಿನವಿಡೀ ನಿದ್ದೆ ಮಾಡುತ್ತಾಳೆ.

ಮೀಸೆಯ ಹೆಂಡತಿಗೆ ತಲುಪಿಸಬೇಕಾದ ಬಟ್ಟೆ ತರಲು ನಮ್ಮ ಮನೆಗೆ ಹೋದೆ. ಅಕ್ಕ ಹೊಲಿದು ಮಡಿಸಿ ಚೀಲದಲ್ಲಿ ಇಟ್ಟಿದ್ದಳು. ಎತ್ತಿದರೆ ಭಾರ. ಬಟ್ಟೆಯ ಕೆಳಗೆ ಕೆಂಪು ಪುಸ್ತಕವಿತ್ತು.

ಮೀಸೆಯ ಹೆಂಡತಿ ದಾಟಿಸಿದ ಆ "ಯಾರೋ" ನನ್ನ ಅಕ್ಕ. ನಮ್ಮ ಮನೆಯಲ್ಲೇ, ನನ್ನಿಂದ ಹತ್ತು ಹೆಜ್ಜೆ ದೂರದಲ್ಲಿ ಕೂತು, ಅವಳು ಇದನ್ನು ಓದಿದ್ದಾಳೆ. ಪುಟಗಳ ನಡುವೆ ಗುರುತಿಗೆ ದಾರದ ತುಂಡುಗಳಿದ್ದವು. ಕಾಂತದ ಅಧ್ಯಾಯದಲ್ಲಿ ಮೂರು.

ಕೊನೆಯ ಹಾಳೆ ತೆಗೆದೆ. ಒಂದನೆಯ ಸಾಲು ಖಾಲಿ. ಎರಡರಲ್ಲಿ ಗುಂಡಣ್ಣನ ಬಳೆ. ಮೂರರಲ್ಲಿ ಮೀಸೆ, ಮೊಳಕೈಗೆ ಯಾವುದೋ ಹರಳು ಕಟ್ಟಿಕೊಂಡು ಗಾಡಿ ಗುದ್ದಿದ ಕಥೆ. ನಾಲ್ಕರಲ್ಲಿ ಅವನ ಹೆಂಡತಿ, ಕೂದಲಿನ ಎಣ್ಣೆ. ಐದರಲ್ಲಿ ಅಕ್ಕನ ದಪ್ಪ ಅಕ್ಷರ, ಅಳತೆ ಬರೆದುಕೊಳ್ಳುವ ಸೀಸದ ಕಡ್ಡಿಯಲ್ಲಿ. ತಾರೀಖು ಏಪ್ರಿಲ್ 9.

"ನಾನು ಟೈಲರ್. ಕಿಡ್ನಿಗೆ ಕಾಂತದ ನೀರು ಕುಡಿಯುತ್ತಿದ್ದೇನೆ. ಈ ಪುಸ್ತಕ ಓದಿದ ಮೇಲೆ ಎಲ್ಲ ಚೆಲ್ಲಿಬಿಡೋಣ ಅನ್ನಿಸಿತು. ಆದರೆ ಯಾರ ಮಾತನ್ನೂ ನಂಬಬೇಡ, ಅಳತೆ ನೋಡು ಅಂತ ಇದರಲ್ಲೇ ಬರೆದಿದೆ. ನನ್ನ ತಂಗಿ ಲ್ಯಾಬಿನಲ್ಲಿ ಕೆಲಸ ಮಾಡುತ್ತಾಳೆ. ನಿನ್ನೆ ಕೇಳಿದೆ. ತಾನೇ ಅಳೆದೆ, ಯಂತ್ರ ಸರಿ ಇದೆ ಅಂದಳು. ಅಳತೆ ಚೆನ್ನಾಗಿದೆ. ಅದಕ್ಕೇ ಬಿಟ್ಟಿಲ್ಲ. ಮೋಸಹೋದದ್ದು ಗೊತ್ತಾದರೆ ಬರೆಯುತ್ತೇನೆ."

ಅವಳ ಯಂತ್ರದ ಮುಂದಿನ ಸ್ಟೂಲಿನ ಮೇಲೆ ಕೂತು ಅತ್ತೆ.

ಏಪ್ರಿಲ್ 22, ಸೋಮವಾರ

ಅಕ್ಕ ಇವತ್ತು ಎದ್ದು ದಿಂಬಿಗೆ ಒರಗಿದ್ದಳು. ಡಾಕ್ಟರಮ್ಮ ಕೊಟ್ಟ ಪಟ್ಟಿಯನ್ನು ಅವಳ ಮಡಿಲಲ್ಲಿ ಇಟ್ಟೆ. ಯಾವ ದಿನ ಎಷ್ಟು ಬಂದಿತ್ತು, ನಾನು ಎಷ್ಟು ಹೇಳಿದೆ, ಎಲ್ಲವನ್ನೂ ಓದಿ ಹೇಳಿದೆ. ಏಪ್ರಿಲ್ 8ಕ್ಕೆ ಬಂದಾಗ ನಿಲ್ಲಿಸಿದೆ. ಅವಳೇ ಬೆರಳಿಟ್ಟು ಓದಿಕೊಂಡಳು. ಐದು ಪಾಯಿಂಟ್ ಒಂಬತ್ತು.

"ನಾಲ್ಕು ಮುಕ್ಕಾಲು ಅಂದಿದ್ದೆ," ಎಂದಳು.

"ಹೌದಕ್ಕ."

ಪಟ್ಟಿಯನ್ನು ಮಡಿಸಿ ದಿಂಬಿನ ಕೆಳಗಿಟ್ಟಳು. "ಆ ಮೇಷ್ಟ್ರ ಮೇಲೆ ನನಗೆ ಸಿಟ್ಟಿಲ್ಲ. ಅವರಿಗೆ ಗೊತ್ತಿರಲಿಲ್ಲ. ನಿನಗೆ ಗೊತ್ತಿತ್ತು."

"ನೀನು ನಗ್ತಿದ್ದೆ ಅಕ್ಕ. ಅಂಕಿ ಹೇಳಿದಾಗ ನಗ್ತಿದ್ದೆ. ನನಗೆ ಹೆದರಿಕೆಯಾಯ್ತು."

"ನೀನು ಖುಷಿಯಾಗಿ ಓಡಿ ಬರ್ತಿದ್ದೆಯಲ್ಲ, ಅದಕ್ಕೆ ನಗ್ತಿದ್ದೆ," ಎಂದಳು. ಆಮೇಲೆ ಆ ಕಡೆ ತಿರುಗಿ ಮಲಗಿದಳು. ಎಂದಿನಂತೆ ತಲೆ ಸವರಲಿಲ್ಲ, ನನಗೂ ಅದು ಬೇಕೆನ್ನಿಸಲಿಲ್ಲ.

ವರಾಂಡದ ಬೆಂಚಿನ ಮೇಲೆ ಕೂತು ಪುಸ್ತಕದ ಕೊನೆಯ ಹಾಳೆ ತೆಗೆದೆ. ಒಂದನೆಯ ಸಾಲಿಗೆ ಬಿಟ್ಟಿದ್ದ ಜಾಗ ಸಣ್ಣದು. ಸಣ್ಣ ಅಕ್ಷರದಲ್ಲಿ ಎಲ್ಲ ಅಂಕಿಗಳನ್ನೂ ತುಂಬಿದೆ. 4.3, ಒಂದೇ ಸಲ. 4.9, 4.7, 4.5. 5.2, 5.3, 5.1, 4.9. 5.9, ಪೊಟ್ಯಾಸಿಯಮ್ 6.1. ಏಪ್ರಿಲ್ 15, ಅಳೆಯಲಿಲ್ಲ. ಕೆಳಗೆ, "ಬೇಕಾದದ್ದು ಬರುವ ತನಕ ಅಳೆದೆ. ಮೋಸಹೋದವಳು ನನ್ನ ಅಕ್ಕ" ಎಂದು ಬರೆದೆ. ಪುಸ್ತಕವನ್ನು ಯಾರಿಗೆ ದಾಟಿಸುವುದು ಎಂದು ಯೋಚಿಸಿ, ಡಾಕ್ಟರಮ್ಮನ ಮೇಜಿನ ಮೇಲೆ ಇಟ್ಟು ಬಂದೆ.

ಮಧ್ಯಾಹ್ನ ಅಕ್ಕನ ಡಯಾಲಿಸಿಸ್ ಮುಗಿದು ರಿಪೋರ್ಟು ಬಂತು. ಈಗ ಬೇರೆಯವರು ಅಳೆಯುತ್ತಾರೆ, ನಾನು ಕಾಗದ ತರುವವಳು ಅಷ್ಟೆ. ಹಾಸಿಗೆಯ ಹತ್ತಿರ ಹೋಗಿ ನಿಂತೆ. ಕಣ್ಣು ಮುಚ್ಚಿಕೊಂಡೇ ಕೇಳಿದಳು.

"ಎಷ್ಟು?"

"ಕ್ರಿಯಾಟಿನಿನ್ ಐದು ಪಾಯಿಂಟ್ ಎಂಟು."

"ಮತ್ತೆ ಹಾಕಿ ನೋಡಿದ್ರಾ?"

"ಇಲ್ಲಕ್ಕ. ಒಂದೇ ಸಲ."

ಅಕ್ಕ ಎಡಗೈಯನ್ನು ಹೊದಿಕೆಯಿಂದ ಹೊರಗೆ ತೆಗೆದು ಹಾಸಿಗೆಯ ಮೇಲೆ ಚಾಚಿದಳು. "ಬುಧವಾರ ತಾನೇ ಆಪರೇಷನ್ನು? ಡಾಕ್ಟರಿಗೆ ಹೇಳು, ಈ ಸಲ ಮುಂದಕ್ಕೆ ಹಾಕೋದು ಬೇಡ," ಎಂದಳು.